ಎಳೆಯುವ ಬಲಕ್ಕೆ ತಕ್ಕ ತಡೆಯುವ ಬಲ
ಊರ ವರ್ಕ್‌ಶಾಪಿನಲ್ಲಿ ಸಿದ್ಧವಾಗುವ ಟ್ರ್ಯಾಕ್ಟರ್ ಟ್ರೈಲರ್‌ಗಳ ಬಗ್ಗೆ ರೈತರು ತಿಳಿದಿರಬೇಕಾದ ಅಂಶಗಳು

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಪಾಠ)



ಕಬ್ಬಿನ ಕಟಾವು ಹತ್ತಿರ ಬಂತೆಂದರೆ ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಯ ವೆಲ್ಡಿಂಗ್ ಅಂಗಡಿಗಳಿಗೆ ಬಿಡುವೇ ಇರುವುದಿಲ್ಲ. ಒಂದು ಕಡೆ ಹಳೆಯ ಟ್ರೈಲರಿನ ತಳದ ತಗಡು ಬದಲಾಗುತ್ತಿರುತ್ತದೆ. ಇನ್ನೊಂದು ಕಡೆ ಗುಜರಿಯಿಂದ ತಂದ ಲಾರಿಯ ಅಚ್ಚಿನ ಮೇಲೆ ಹೊಸ ಚಾಸಿ ಏರುತ್ತಿರುತ್ತದೆ. ಮತ್ತೊಂದು ಕಡೆ ಟ್ರ್ಯಾಕ್ಟರಿನ ಹಿಂದಿನ ಕೊಕ್ಕೆಗೆ ಇನ್ನಷ್ಟು ದಪ್ಪ ಪಟ್ಟಿ ಬೆಸೆಯುತ್ತಿರುತ್ತಾರೆ. ಕೆಲಸ ಮುಗಿದ ಮೇಲೆ ಮಾಲೀಕ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಎಷ್ಟು ಟನ್ ಎಳೀತದೆ?" ಈ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: "ಎಷ್ಟು ಟನ್ ನಿಲ್ಲಿಸುತ್ತದೆ?"

ಎತ್ತಿನ ಗಾಡಿಯ ಕಾಲದ ಹಿರಿಯರಿಗೆ ಈ ಮಾತನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಳಿಜಾರಿನ ದಾರಿ ಇರುವ ಊರುಗಳಲ್ಲಿ ಗಾಡಿಗೆ ಬಿರಿ ಕಟ್ಟುತ್ತಿದ್ದರು. ಇಳಿಯುವ ಮುನ್ನ ಹಗ್ಗ ಬಿಗಿದರೆ ಮರದ ದಿಮ್ಮಿ ಚಕ್ರದ ಪಟ್ಟಿಗೆ ಒತ್ತಿಕೊಂಡು ಗಾಡಿಯನ್ನು ತಡೆಯುತ್ತಿತ್ತು. ಎತ್ತುಗಳು ಭಾರವನ್ನು ಎಳೆಯಬಲ್ಲವು, ಆದರೆ ಹಿಂದಿನಿಂದ ನೂಕಿಬರುವ ಭಾರವನ್ನು ತಡೆಯಲಾರವು ಎಂಬುದು ಅವರಿಗೆ ಗೊತ್ತಿತ್ತು. ಇಂದು ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ, ಭಾರ ಹತ್ತು ಪಟ್ಟು ಹೆಚ್ಚಿದೆ. ಆದರೆ ಬಿರಿ ಮಾತ್ರ ಎಷ್ಟೋ ಟ್ರೈಲರ್‌ಗಳಲ್ಲಿ ಕಾಣೆಯಾಗಿದೆ.

ವರ್ಕ್‌ಶಾಪಿನ ಕೆಲಸ ಕೀಳಲ್ಲ

ಊರ ಕಮ್ಮಾರನೋ ವೆಲ್ಡರನೋ ಮಾಡಿದ ಕೆಲಸವೆಂದು ಯಾರೂ ತಾತ್ಸಾರ ಮಾಡಬೇಕಾಗಿಲ್ಲ. ಸರಕು ಎಳೆಯುವ ವಾಹನಗಳ ಚರಿತ್ರೆ ಬೆಳೆದದ್ದೇ ಇಂಥ ಅಂಗಡಿಗಳಲ್ಲಿ. 1914ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಆಗಸ್ಟ್ ಫ್ರೂಹಾಫ್ ಎಂಬ ಕಮ್ಮಾರನ ಬಳಿಗೆ ಮರದ ವ್ಯಾಪಾರಿಯೊಬ್ಬ ಬಂದು, ತನ್ನ ದೋಣಿಯನ್ನು ಫೋರ್ಡ್ ಮಾಡೆಲ್-ಟಿ ಕಾರಿನಿಂದ ಎಳೆಸಲು ಒಂದು ಗಾಡಿ ಬೇಕೆಂದು ಕೇಳಿದ. ಆ ಗಾಡಿಯೇ ಮುಂದೆ ಒಂದು ದೊಡ್ಡ ಟ್ರೈಲರ್ ಉದ್ಯಮಕ್ಕೆ ಬುನಾದಿಯಾಯಿತು. 1916ರಲ್ಲಿ ಟೆನೆಸ್ಸಿ ರಾಜ್ಯದ ಚಟನೂಗ ನಗರದಲ್ಲಿ ಅರ್ನೆಸ್ಟ್ ಹೋಮ್ಸ್ ಎಂಬ ಗ್ಯಾರೇಜಿನವನು 1913ರ ಕ್ಯಾಡಿಲಾಕ್ ಕಾರಿನ ಮೇಲೆ ಮೂರು ಕಂಬ, ಒಂದು ರಾಟೆ, ಒಂದು ಸರಪಳಿ ಜೋಡಿಸಿ, ಕೆಟ್ಟು ನಿಂತ ಮೋಟಾರುಗಳನ್ನು ಎಳೆದು ತರುವ ಗಾಡಿಯನ್ನು ಮಾಡಿದ.

ಈ ಅಭ್ಯಾಸ ಅಲ್ಲಿ ಇಂದಿಗೂ ನಿಂತಿಲ್ಲ. ಹೆದ್ದಾರಿಯಲ್ಲಿ ಓಡಿ ಹಳೆಯದಾದ ಭಾರಿ ಟ್ರಕ್ಕನ್ನು ಕೊಂಡು, ಮನೆಯ ಶೆಡ್ಡಿನಲ್ಲೇ ಮಾರ್ಪಡಿಸಿ, ವಾಸದ ದೊಡ್ಡ ಟ್ರೈಲರನ್ನು ಎಳೆಯಲು ಬಳಸುವವರು ಅಮೆರಿಕದಲ್ಲಿ ಇದ್ದಾರೆ. ಗಮನಿಸತಕ್ಕ ಅಂಶವೆಂದರೆ, ಸಣ್ಣ ಟ್ರಕ್ಕು ಎಳೆಯಬಲ್ಲ ಟ್ರೈಲರಿಗೂ ಅವರಲ್ಲಿ ಅನೇಕರು ದೊಡ್ಡ ಟ್ರಕ್ಕನ್ನೇ ಆರಿಸುತ್ತಾರೆ. ಇದಕ್ಕೆ ಕಾರಣ ಎಂಜಿನ್ನಿನ ಶಕ್ತಿಯೊಂದೇ ಅಲ್ಲ. ಆ ಟ್ರಕ್ಕಿಗೆ ತನ್ನದೇ ಆದ ತೂಕವಿದೆ, ಗಾಳಿ ಬ್ರೇಕಿದೆ, ಇಳಿಜಾರಿನಲ್ಲಿ ಎಂಜಿನ್ನೇ ತಡೆಯುವ ವ್ಯವಸ್ಥೆಯಿದೆ. ಟ್ರೈಲರಿನ ಭಾರ ಟ್ರಕ್ಕಿನ ಹಿಂದೆ ನೇತಾಡದೆ, ಐದನೇ ಚಕ್ರ ಎಂದು ಕರೆಯುವ ಜೋಡಣೆಯ ಮೂಲಕ ಹೆಚ್ಚುಕಡಿಮೆ ಹಿಂದಿನ ಅಚ್ಚಿನ ನೇರಕ್ಕೇ ಕೂರುತ್ತದೆ. ಎಳೆಯುವ ವಾಹನವೇ ಎಳೆಸಿಕೊಳ್ಳುವ ಭಾರದ ಯಜಮಾನನಾಗಿರಬೇಕು, ಭಾರವು ವಾಹನದ ಯಜಮಾನನಾಗಬಾರದು ಎಂಬುದು ಇದರ ತಿರುಳು.

ಟ್ರ್ಯಾಕ್ಟರಿನ ಸ್ಥಿತಿ ಇದಕ್ಕೆ ತಿರುಗುಮುರುಗು. ಸುಮಾರು 2,000 ಕಿ.ಗ್ರಾಂ. ತೂಗುವ ಟ್ರ್ಯಾಕ್ಟರ್ ತನ್ನ ತೂಕದ ನಾಲ್ಕೈದು ಪಟ್ಟು ಭಾರವನ್ನು ಹಿಂದೆ ಕಟ್ಟಿಕೊಂಡು ಹೊರಡುತ್ತದೆ. ಆದ್ದರಿಂದ ಟ್ರೈಲರ್ ಮಾಡಿಸುವ ರೈತ ಕೆಲವು ಲೆಕ್ಕಗಳನ್ನು ತಾನೇ ತಿಳಿದಿರಬೇಕು.

ನಿಲ್ಲಿಸುವುದರ ಲೆಕ್ಕ

2,000 ಕಿ.ಗ್ರಾಂ. ತೂಕದ ಟ್ರ್ಯಾಕ್ಟರಿನ ಬ್ರೇಕು ಅದರ ತೂಕದ ಶೇ. 30ರಷ್ಟು, ಅಂದರೆ 600 ಕಿ.ಗ್ರಾಂ. ತಡೆಬಲ ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಬರಿಯ ಟ್ರ್ಯಾಕ್ಟರ್ ಬ್ರೇಕ್ ಒತ್ತಿದ ಮೇಲೆ ಸುಮಾರು 5 ಮೀಟರಿನಲ್ಲಿ ನಿಲ್ಲುತ್ತದೆ. ಈಗ ಅದರ ಹಿಂದೆ ಕಬ್ಬು ತುಂಬಿದ, ಒಟ್ಟು 8,000 ಕಿ.ಗ್ರಾಂ. ತೂಗುವ, ಬ್ರೇಕಿಲ್ಲದ ಟ್ರೈಲರನ್ನು ಕಟ್ಟಿದೆವೆನ್ನಿ. ತಡೆಬಲ ಅದೇ 600 ಕಿ.ಗ್ರಾಂ., ತಡೆಯಬೇಕಾದ ತೂಕ ಮಾತ್ರ 10,000 ಕಿ.ಗ್ರಾಂ. ತಾರು ರಸ್ತೆಯಲ್ಲಿ ಚಕ್ರಗಳು ಉರುಳುವಾಗ ತಾವಾಗಿ ಒಡ್ಡುವ ಸುಮಾರು 200 ಕಿ.ಗ್ರಾಂ. ತಡೆಯನ್ನು ಸೇರಿಸಿಕೊಂಡರೂ ಈ ಜೋಡಿ ನಿಲ್ಲಲು 20 ಮೀಟರಿನಷ್ಟು ದೂರ ಬೇಕು.

ವೇಗ ಹೆಚ್ಚಿದರೆ ದೂರ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ, ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ನಾಲ್ಕು ಪಟ್ಟಾಗುತ್ತದೆ. ಅದೇ ಜೋಡಿ ಗಂಟೆಗೆ 30 ಕಿ.ಮೀ. ವೇಗದಲ್ಲಿದ್ದರೆ 45 ಮೀಟರ್ ಬೇಕು. ಚಾಲಕ ಅಪಾಯವನ್ನು ಕಂಡು ಕಾಲನ್ನು ಬ್ರೇಕಿನ ಮೇಲಿಡುವ ಒಂದು ಸೆಕೆಂಡಿನಲ್ಲಿ ಗಾಡಿ ಇನ್ನೂ 8 ಮೀಟರ್ ಮುಂದೆ ಹೋಗಿರುತ್ತದೆ ಎಂಬುದನ್ನೂ ಮರೆಯಬಾರದು. ಶಾಲೆಯ ಮುಂದೆ ಮಗುವೊಂದು ಅಡ್ಡ ಓಡಿಬಂದರೆ ಈ ದೂರವೇ ಸಾವು ಬದುಕಿನ ಲೆಕ್ಕವಾಗುತ್ತದೆ.

ಇದು ಮಟ್ಟಸ ರಸ್ತೆಯ ಮಾತಾಯಿತು. 20 ಅಡಿಗೆ ಒಂದು ಅಡಿ ಇಳಿಯುವ ರಸ್ತೆಯಲ್ಲಿ 10,000 ಕಿ.ಗ್ರಾಂ. ಭಾರವನ್ನು ಇಳಿಜಾರೇ 500 ಕಿ.ಗ್ರಾಂ. ಬಲದಿಂದ ಮುಂದಕ್ಕೆ ನೂಕುತ್ತದೆ. ಒಟ್ಟು 800 ಕಿ.ಗ್ರಾಂ. ತಡೆಯಲ್ಲಿ ಉಳಿಯುವುದು 300 ಮಾತ್ರ. ಗಂಟೆಗೆ 20 ಕಿ.ಮೀ. ವೇಗದಲ್ಲೂ ನಿಲ್ಲಲು 50 ಮೀಟರ್ ದಾಟುತ್ತದೆ. 12 ಅಡಿಗೆ ಒಂದು ಅಡಿ ಇಳಿಯುವ ಕಡೆ ನೂಕುವ ಬಲ 833 ಕಿ.ಗ್ರಾಂ. ಇದು ತಡೆಯುವ ಬಲಕ್ಕಿಂತ ಹೆಚ್ಚು. ಅಲ್ಲಿ ಬ್ರೇಕನ್ನು ಎಷ್ಟು ತುಳಿದರೂ ಗಾಡಿ ನಿಲ್ಲುವುದಿಲ್ಲ, ವೇಗ ಹೆಚ್ಚುತ್ತಲೇ ಹೋಗುತ್ತದೆ. ಕೆರೆ ಏರಿಯ ಇಳಿಜಾರು, ಹಳ್ಳದ ಸೇತುವೆಗೆ ಇಳಿಯುವ ದಾರಿ, ನಾಲೆಯ ದಂಡೆಯಿಂದ ಗದ್ದೆಬಯಲಿಗೆ ಇಳಿಯುವ ರಸ್ತೆ ಇವುಗಳಲ್ಲಿ ಇಷ್ಟು ಕಡಿದಾದವು ಅಪರೂಪವಲ್ಲ.

ಟ್ರೈಲರಿನ ಚಕ್ರಗಳಿಗೂ ಬ್ರೇಕಿದ್ದು, ಅವು 2,000 ಕಿ.ಗ್ರಾಂ. ತಡೆಬಲ ಕೊಟ್ಟವೆನ್ನೋಣ. ಆಗ ಅದೇ 10,000 ಕಿ.ಗ್ರಾಂ. ಜೋಡಿ ಮಟ್ಟಸ ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ವೇಗದಿಂದ ಸುಮಾರು 6 ಮೀಟರಿನಲ್ಲಿ ನಿಲ್ಲುತ್ತದೆ. 20 ಮೀಟರ್ ಎಲ್ಲಿ, 6 ಮೀಟರ್ ಎಲ್ಲಿ? ಟ್ರೈಲರಿಗೆ ಬ್ರೇಕು ಬೇಕೇ ಬೇಡವೇ ಎಂಬ ಪ್ರಶ್ನೆಗೆ ಈ ಅಂತರವೇ ಉತ್ತರ.

ಲಾರಿಯ ಅಚ್ಚಿನೊಡನೆ ಬಂದ ಬ್ರೇಕು

ಊರ ವರ್ಕ್‌ಶಾಪುಗಳಲ್ಲಿ ಟ್ರೈಲರಿಗೆ ಹಳೆಯ ಲಾರಿಯ ಅಚ್ಚು, ಹಬ್ಬು, ಸ್ಪ್ರಿಂಗ್ ಪಟ್ಟಿಗಳನ್ನು ಬಳಸುವುದುಂಟು. ಲಾರಿಯ ಅಚ್ಚಿನ ತುದಿಯಲ್ಲಿ ಬ್ರೇಕ್ ಡ್ರಮ್ಮು, ಶೂ, ಅವನ್ನು ಅಗಲಿಸುವ ಸನ್ನೆ ಎಲ್ಲವೂ ಇರುತ್ತವೆ. ಆದರೆ ಕೆಲವೆಡೆ ಖರ್ಚೂ ತಾಪತ್ರಯವೂ ಕಡಿಮೆಯಾಗಲೆಂದು ಶೂಗಳನ್ನು ಕಿತ್ತು ಗುಜರಿಗೆ ಹಾಕಿ, ಬರಿಯ ಚಕ್ರವನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಕೈಗೆ ಬಂದ ಬಿರಿಯನ್ನು ಕಿತ್ತೆಸೆದಂತೆ ಇದು.

ಟ್ರೈಲರಿಗೆ ಬ್ರೇಕು ಕೊಡಲು ಮುಖ್ಯವಾಗಿ ಮೂರು ಬಗೆಗಳಿವೆ. ಮೊದಲನೆಯದು ನೂಕು ಬ್ರೇಕು. ಟ್ರ್ಯಾಕ್ಟರ್ ನಿಧಾನಿಸಿದಾಗ ಟ್ರೈಲರ್ ಮುಂದಕ್ಕೆ ನೂಕುತ್ತದೆಯಷ್ಟೆ. ಆ ನೂಕನ್ನೇ ಮೂಕಿಯಲ್ಲಿರುವ ಜಾರುಕೊಳವೆಯ ಮೂಲಕ ಸನ್ನೆಗೆ ಕೊಟ್ಟರೆ ಟ್ರೈಲರಿನ ಬ್ರೇಕು ತಾನಾಗಿ ಹಿಡಿಯುತ್ತದೆ. ಇದು ಸರಳ, ಅಗ್ಗ. ಆದರೆ ಹಗುರ ಟ್ರೈಲರ್‌ಗಳಿಗೆ ಮಾತ್ರ ಹೊಂದುತ್ತದೆ. ಹಿಂದಕ್ಕೆ ನಡೆಸುವಾಗ ಬ್ರೇಕು ಹಿಡಿದುಕೊಳ್ಳದಂತೆ ತಡೆಯೊಂದು ಬೇಕಾಗುತ್ತದೆ. ಎರಡನೆಯದು ಟ್ರ್ಯಾಕ್ಟರಿನ ಎಣ್ಣೆಯ ಒತ್ತಡದಿಂದ ನಡೆಯುವ ಬ್ರೇಕು. ಮೂರನೆಯದು ಲಾರಿಯಲ್ಲಿರುವಂತೆ ಗಾಳಿಯ ಬ್ರೇಕು. ಇದಕ್ಕೆ ಟ್ರ್ಯಾಕ್ಟರಿನಲ್ಲಿ ಗಾಳಿ ತುಂಬುವ ಕಂಪ್ರೆಸರ್ ಇರಬೇಕು. ಕೊನೆಯ ಎರಡನ್ನು ಟ್ರ್ಯಾಕ್ಟರ್ ತಯಾರಕರು ಒಪ್ಪಿದ ಸಾಮಾನಿನಿಂದ, ಬಲ್ಲವರ ಕೈಯಿಂದಲೇ ಮಾಡಿಸತಕ್ಕದ್ದು. ಯಾವ ಬಗೆಯಾದರೂ ನಿಂತಾಗ ಹಾಕುವ ಕೈಬ್ರೇಕು ಟ್ರೈಲರಿಗೆ ಬೇರೆಯಾಗಿಯೇ ಇರಬೇಕು.

ಚಾಲಕನ ಅಭ್ಯಾಸವೂ ಬ್ರೇಕಿನಷ್ಟೇ ಮುಖ್ಯ. ಟ್ರ್ಯಾಕ್ಟರಿನ ಎಡ ಬಲ ಚಕ್ರಗಳಿಗೆ ಬೇರೆ ಬೇರೆ ಬ್ರೇಕ್ ಪೆಡಲುಗಳಿರುವುದು ಹೊಲದಲ್ಲಿ ಚಿಕ್ಕದಾಗಿ ತಿರುಗಿಸಲೆಂದು. ರಸ್ತೆಗೆ ಬಂದ ಕೂಡಲೇ ಎರಡನ್ನೂ ಚಿಲಕದಿಂದ ಸೇರಿಸಬೇಕು. ಮರೆತು ಒಂದನ್ನೇ ತುಳಿದರೆ ಟ್ರ್ಯಾಕ್ಟರ್ ಆ ಬದಿಗೆ ಎಳೆಯುತ್ತದೆ, ಹಿಂದಿನ ಟ್ರೈಲರ್ ನೇರವಾಗಿ ನೂಕುತ್ತದೆ, ಎರಡೂ ಮಡಚುಚೂರಿಯಂತೆ ಮಡಚಿ ಉರುಳುತ್ತವೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ಲಿಗೆ ಹಾಕುವ ಅಭ್ಯಾಸವನ್ನು ಪೂರ್ತಿ ಬಿಡಬೇಕು. ಯಾವ ಗೇರಿನಲ್ಲಿ ಆ ದಿಬ್ಬವನ್ನು ಹತ್ತಬೇಕಾಗುವುದೋ ಅದೇ ಗೇರನ್ನು, ಇಲ್ಲವೇ ಅದಕ್ಕಿಂತ ಕೆಳಗಿನದನ್ನು, ಇಳಿಯಲು ತೊಡಗುವ ಮೊದಲೇ ಹಾಕಿಕೊಳ್ಳಬೇಕು. ಉಳಿದ ಡೀಸೆಲ್ಲಿನ ಬೆಲೆ ಕೆಲವು ರೂಪಾಯಿ; ಹೋದ ಜೀವಕ್ಕೆ ಬೆಲೆಯಿಲ್ಲ.

ಕೊಕ್ಕೆಯ ಎತ್ತರ

ಎತ್ತಿನ ಗಾಡಿ ಹೊಡೆದವರಿಗೆ ಮುಂಭಾರ ಹಿಂಭಾರದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಟ್ರ್ಯಾಕ್ಟರಿನಲ್ಲೂ ಇಂಥದೇ ಆಟ ನಡೆಯುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಮೇಲೇಳುವುದು ಮುಂದಿನ ಚಕ್ರ.

ಒಂದು ಸ್ಥೂಲ ಲೆಕ್ಕ ನೋಡೋಣ. ಟ್ರ್ಯಾಕ್ಟರಿನ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರ 200 ಸೆಂ.ಮೀ. ಅದರ 2,000 ಕಿ.ಗ್ರಾಂ. ತೂಕದಲ್ಲಿ 750 ಕಿ.ಗ್ರಾಂ. ಮುಂದಿನ ಚಕ್ರಗಳ ಮೇಲಿದೆ. ಹಿಂದೆ ಒಟ್ಟು 5,000 ಕಿ.ಗ್ರಾಂ. ತೂಗುವ ಎರಡು ಚಕ್ರದ ಟ್ರೈಲರಿದೆ. ಮೆದು ಹೊಲದಲ್ಲಿ ಅದನ್ನು ಉರುಳಿಸಲು ಸುಮಾರು 500 ಕಿ.ಗ್ರಾಂ., ಹೊಲದಿಂದ ರಸ್ತೆಗೆ ಏರುವ ಹತ್ತಕ್ಕೊಂದು ದಿಬ್ಬಕ್ಕೆ ಇನ್ನೊಂದು 500 ಕಿ.ಗ್ರಾಂ., ಹೀಗೆ ಒಟ್ಟು 1,000 ಕಿ.ಗ್ರಾಂ. ಎಳೆತ ಬೇಕು. ಕೊಕ್ಕೆ ನೆಲದಿಂದ 45 ಸೆಂ.ಮೀ. ಎತ್ತರದಲ್ಲಿದ್ದರೆ ಈ ಎಳೆತ ಮುಂದಿನ ಚಕ್ರಗಳಿಂದ 225 ಕಿ.ಗ್ರಾಂ. ಭಾರವನ್ನು ಕಿತ್ತು ಹಿಂದಕ್ಕೆ ಹಾಕುತ್ತದೆ. ಮೂಕಿಯ ಮೂಲಕ 500 ಕಿ.ಗ್ರಾಂ. ಭಾರ ಹಿಂದಿನ ಅಚ್ಚಿನಿಂದ 70 ಸೆಂ.ಮೀ. ಆಚೆ ಕೂತರೆ ಇನ್ನೂ 175 ಕಿ.ಗ್ರಾಂ. ಕಡಿಮೆಯಾಗುತ್ತದೆ. ಮುಂದೆ ಉಳಿಯುವುದು 350 ಕಿ.ಗ್ರಾಂ. ಸ್ಟೀರಿಂಗ್ ಹಿಡಿತದಲ್ಲಿರಬೇಕಾದರೆ ಟ್ರ್ಯಾಕ್ಟರಿನ ತೂಕದ ಐದನೇ ಒಂದು ಭಾಗವಾದರೂ, ಅಂದರೆ ಇಲ್ಲಿ 400 ಕಿ.ಗ್ರಾಂ., ಮುಂದಿನ ಚಕ್ರಗಳ ಮೇಲಿರಬೇಕೆಂಬುದು ರೂಢಿಯ ನಿಯಮ. ಅಂದರೆ ಸರಿಯಾದ ಎತ್ತರದ ಕೊಕ್ಕೆಯಲ್ಲೇ ಈ ಟ್ರ್ಯಾಕ್ಟರಿಗೆ ಮುಂದೆ ಹೆಚ್ಚಿನ ತೂಕದ ತಟ್ಟೆಗಳು ಬೇಕಾದವು.

ಈಗ ವರ್ಕ್‌ಶಾಪಿನಲ್ಲಿ ಟ್ರೈಲರಿನ ಮೂಕಿ ಎತ್ತರವಾಯಿತೆಂದು ಕೊಕ್ಕೆಯನ್ನು 90 ಸೆಂ.ಮೀ. ಎತ್ತರಕ್ಕೆ ಬೆಸೆದರೆನ್ನಿ. ಎಳೆತವೊಂದೇ 450 ಕಿ.ಗ್ರಾಂ. ಕೀಳುತ್ತದೆ. ಮುಂದೆ ಉಳಿಯುವುದು ಬರಿಯ 125 ಕಿ.ಗ್ರಾಂ. ಕ್ಲಚ್ಚನ್ನು ಒಮ್ಮೆ ಜೋರಾಗಿ ಬಿಟ್ಟರೆ ಸಾಕು, ಮೂತಿ ಮೇಲೇಳುತ್ತದೆ. ಮೇಲೆದ್ದ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಲು ಒಂದೆರಡು ಸೆಕೆಂಡುಗಳೇ ಸಾಕು. ಚಾಲಕ ಏನಾಯಿತೆಂದು ತಿಳಿದು ಕ್ಲಚ್ ತುಳಿಯುವಷ್ಟರಲ್ಲಿ ಸಮಯ ಮೀರಿರುತ್ತದೆ.

ಈ ಅಪಾಯ ಹೊಸದಲ್ಲ. 1917ರಲ್ಲಿ ತಯಾರಿಕೆಗೆ ಬಂದ ಫೋರ್ಡ್‌ಸನ್ ಟ್ರ್ಯಾಕ್ಟರು ಅಗ್ಗವೆಂದು ಹೆಸರಾದಂತೆಯೇ, ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿದಾಗ ಹಿಂದಕ್ಕೆ ಮಗುಚುವುದಕ್ಕೂ ಕುಖ್ಯಾತವಾಗಿತ್ತು. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ರೂಪಿಸಿದ ಮೂರು ಕೊಂಡಿಯ ಜೋಡಣೆ ಈ ಕಷ್ಟಕ್ಕೂ ಪರಿಹಾರ ತಂದಿತು. ಕೆಳಗಿನ ಎರಡು ಕೊಂಡಿಗಳು ಎಳೆಯುತ್ತವೆ, ಮೇಲಿನ ಕೊಂಡಿ ಟ್ರ್ಯಾಕ್ಟರನ್ನು ಮುಂದಕ್ಕೆ ಒತ್ತಿ ಮೂತಿ ಏಳದಂತೆ ನೋಡಿಕೊಳ್ಳುತ್ತದೆ. 1939ರಿಂದ ಫೋರ್ಡ್-ಫರ್ಗ್ಯುಸನ್ ಟ್ರ್ಯಾಕ್ಟರಿನ ಮೂಲಕ ಇದು ಹೆಸರಾಯಿತು. ಇಂದು ಟ್ರ್ಯಾಕ್ಟರುಗಳ ಹಿಂದೆ ಕಾಣುವ ಮೂರು ಕೊಂಡಿಗಳ ಮೂಲ ಇದೇ. ಇದನ್ನು ಬಲ್ಲವರು ಮೇಲಿನ ಕೊಂಡಿ ಸೇರಿಸುವ ಜಾಗಕ್ಕೆ ಸರಪಳಿ ಕಟ್ಟಿ ಭಾರ ಎಳೆಸುವುದಿಲ್ಲ. ಆ ಜಾಗ ಒತ್ತುವುದಕ್ಕೆ ಇರುವುದು, ಎಳೆಯುವುದಕ್ಕಲ್ಲ. ತಯಾರಕರು ಕೊಟ್ಟ ಕೊಕ್ಕೆಯ ಎತ್ತರವನ್ನು ಹಾಗೆಯೇ ಇಟ್ಟು, ಟ್ರೈಲರಿನ ಮೂಕಿಯನ್ನು ಅದಕ್ಕೆ ಹೊಂದಿಸಬೇಕೇ ಹೊರತು ಕೊಕ್ಕೆಯನ್ನು ಮೂಕಿಗೆ ಹೊಂದಿಸಬಾರದು.

ಭಾರ ತುಂಬುವಾಗಲೂ ಇದೇ ಎಚ್ಚರ ಬೇಕು. ಎರಡು ಚಕ್ರದ ಟ್ರೈಲರಿನ ಹಿಂಬದಿಗೆ ಹೆಚ್ಚು ತುಂಬಿದರೆ ಮೂಕಿ ಮೇಲೆದ್ದು ಟ್ರ್ಯಾಕ್ಟರಿನ ಹಿಂದಿನ ಚಕ್ರದ ಹಿಡಿತ ಹೋಗುತ್ತದೆ. ತೀರ ಮುಂದಕ್ಕೆ ತುಂಬಿದರೆ ಟ್ರ್ಯಾಕ್ಟರಿನ ಮೂತಿ ಹಗುರಾಗುತ್ತದೆ.

ಪಿನ್ನು ಮತ್ತು ಬೆಸುಗೆ

ಟ್ರ್ಯಾಕ್ಟರನ್ನೂ ಟ್ರೈಲರನ್ನೂ ಕೂಡಿಸುವುದು ಗೇಣುದ್ದದ ಒಂದು ಪಿನ್ನು. ಗಾಡಿಯ ಚಕ್ರಕ್ಕೆ ಕಡೆಗೀಲು ಹೇಗೋ ಈ ಜೋಡಿಗೆ ಇದು ಹಾಗೆ. ಇದರ ಜಾಗದಲ್ಲಿ ಕಟ್ಟಡದ ಕಬ್ಬಿಣದ ತುಂಡು, ಹಳೆಯ ಬೋಲ್ಟು ಮುಂತಾದುವನ್ನು ಹಾಕಿ ಕೆಲಸ ಸಾಗಿಸಬಾರದು. ಸರಿಯಾದ ಪಿನ್ನೇ ಆದರೂ ಸವೆತವನ್ನು ಅಳೆದು ನೋಡಬೇಕು. 30 ಮಿ.ಮೀ. ದಪ್ಪದ ಪಿನ್ನು ಸವೆದು 27 ಮಿ.ಮೀ. ಆದರೆ ಕಣ್ಣಿಗೆ ಅದು ಅಷ್ಟೇನೂ ಸಣ್ಣಗೆ ಕಾಣುವುದಿಲ್ಲ. ಆದರೆ ಕತ್ತರಿಸುವ ಬಲವನ್ನು ತಡೆಯುವ ಅದರ ಶಕ್ತಿ ನೂರಕ್ಕೆ 81ಕ್ಕೆ, ಬಗ್ಗಿಸುವ ಬಲವನ್ನು ತಡೆಯುವ ಶಕ್ತಿ ನೂರಕ್ಕೆ 73ಕ್ಕೆ ಇಳಿದಿರುತ್ತದೆ. ಪಿನ್ನು ಮೇಲೆ ಜಿಗಿಯದಂತೆ ತಳದಲ್ಲಿ ಕ್ಲಿಪ್ಪು ಹಾಕಲೇಬೇಕು. ಪಿನ್ನು ಕೈಕೊಟ್ಟರೂ ಟ್ರೈಲರ್ ಕೈತಪ್ಪಿ ಹೋಗದಂತೆ ಬಲವಾದ ಸರಪಳಿಯೊಂದು ಜೊತೆಗೆ ಇರಬೇಕು.

ಬೆಸುಗೆಯ ಬಗ್ಗೆ ಕೆಲವು ಮಾತುಗಳು. ದಪ್ಪಗೆ ಸುರಿದ ಬೆಸುಗೆ ಗಟ್ಟಿ ಬೆಸುಗೆಯಲ್ಲ. ಎರಡು ಲೋಹಗಳೂ ಕರಗಿ ಒಂದಾಗಿರಬೇಕು. ತುಕ್ಕು, ಬಣ್ಣ, ಎಣ್ಣೆಯ ಮೇಲೆ ಹಾಕಿದ ಬೆಸುಗೆ ಬಿರುಕು ಬಿಡುತ್ತದೆ. ಕಾಯಿಸಿ ಹದಮಾಡಿದ ಗಟ್ಟಿ ಉಕ್ಕಿನ ಕೊಕ್ಕೆ, ಅಚ್ಚು, ಸ್ಪ್ರಿಂಗ್ ಪಟ್ಟಿಗಳ ಮೇಲೆ ಬೆಸುಗೆ ಹಾಕಿದರೆ ಆ ಜಾಗದ ಹದ ಕೆಟ್ಟು ಅಲ್ಲಿಯೇ ಮುರಿಯುತ್ತದೆ. ಬೆಸೆದ ಕೂಡಲೇ ಬಣ್ಣ ಬಳಿಯದೆ, ಒಂದೆರಡು ಬಾರಿ ಭಾರ ಎಳೆಸಿ, ಬೆಸುಗೆಯ ಅಂಚಿನಲ್ಲಿ ಕೂದಲಿನಂಥ ಗೆರೆ ಕಾಣುವುದೇ ಎಂದು ನೋಡಬೇಕು. ಟೈರು ಇರುವ ಚಕ್ರದ ರಿಮ್ಮಿಗೆ ಬೆಸುಗೆಯನ್ನಾಗಲೀ ಬೆಂಕಿಯನ್ನಾಗಲೀ ಎಂದೂ ತೋರಿಸಬಾರದು. ಒಳಗಿನ ಗಾಳಿ ಕಾದು ಟೈರು ಬಾಂಬಿನಂತೆ ಸಿಡಿದು ಪ್ರಾಣ ತೆಗೆಯಬಲ್ಲದು. ಟ್ರ್ಯಾಕ್ಟರಿನ ಮೇಲೆಯೇ ಬೆಸುಗೆ ಹಾಕಬೇಕಾದಾಗ ಮೊದಲು ಬ್ಯಾಟರಿಯ ತಂತಿಗಳನ್ನು ಬಿಚ್ಚಬೇಕು.

ಸಿಕ್ಕಿಕೊಂಡ ಗಾಡಿಯನ್ನು ಎಳೆಯುವಾಗ

ಕೆಸರಿನಲ್ಲಿ ಲಾರಿ ಸಿಕ್ಕಿಕೊಂಡರೆ ಊರಿನಲ್ಲಿ ಮೊದಲು ನೆನಪಾಗುವುದು ಟ್ರ್ಯಾಕ್ಟರ್. ಇಂಥ ಕೆಲಸದಲ್ಲಿ ಸರಪಳಿಯನ್ನು ಕೆಳಗಿನ ಕೊಕ್ಕೆಗೆ ಮಾತ್ರ ಕಟ್ಟಬೇಕು. ಸಡಿಲ ಬಿಟ್ಟು ಓಡಿ ಎಳೆಯದೆ, ಕೆಳ ಗೇರಿನಲ್ಲಿ ಬಿಗಿ ಬರುವವರೆಗೆ ಮೆಲ್ಲಗೆ ಸಾಗಿ ಆಮೇಲೆ ಎಳೆಯಬೇಕು. ನೈಲಾನ್ ಹಗ್ಗ ಹಿಗ್ಗಿ ತುಂಡಾದರೆ ಚಾಟಿಯಂತೆ ಹಿಂದಕ್ಕೆ ಬೀಸುತ್ತದೆ. ಹಗ್ಗದ ಉದ್ದಕ್ಕಿಂತ ಹೆಚ್ಚು ದೂರದಲ್ಲಿ ಜನ ನಿಲ್ಲಬೇಕು.

ಟ್ರ್ಯಾಕ್ಟರೇ ಕೆಸರಿನಲ್ಲಿ ಹೂತರೆ ಹಿಂದಿನ ಚಕ್ರಕ್ಕೆ ಮರದ ತುಂಡು ಕಟ್ಟಿ ಮುಂದಕ್ಕೆ ಹೊಡೆಯುವುದು ಬಹಳ ಅಪಾಯದ ಕೆಲಸ. ಚಕ್ರ ತಿರುಗಲಾರದೆ ನಿಂತರೆ, ಎಂಜಿನ್ನಿನ ಬಲ ಟ್ರ್ಯಾಕ್ಟರಿನ ಮೈಯನ್ನೇ ಅಚ್ಚಿನ ಸುತ್ತ ತಿರುಗಿಸಿ ಹಿಂದಕ್ಕೆ ಮಗುಚುತ್ತದೆ. ಮೊದಲು ಟ್ರೈಲರನ್ನು ಕಳಚಬೇಕು. ಮಣ್ಣು ತೆಗೆದು, ಸಾಧ್ಯವಾದರೆ ಹಿಂದಕ್ಕೆ ಬರಲು ಯತ್ನಿಸಬೇಕು.

ಹೊಲದ ಮಣ್ಣಿಗೂ ಭಾರ

ಭಾರದ ಟ್ರೈಲರ್ ರಸ್ತೆಗೆ ಮಾತ್ರ ತೊಂದರೆಯಲ್ಲ, ಬೆಳೆಗೂ ತೊಂದರೆ. ಹಸಿ ನೆಲದ ಮೇಲೆ ತುಂಬಿದ ಟ್ರೈಲರ್ ಓಡಾಡಿದರೆ ಚಕ್ರದ ಅಡಿಯ ಮಣ್ಣು ಒತ್ತಿ ಗಟ್ಟಿಯಾಗುತ್ತದೆ. ನೀರು ಇಂಗುವುದು, ಗಾಳಿ ಆಡುವುದು, ಬೇರು ಇಳಿಯುವುದು ಮೂರೂ ಕುಂಠಿತವಾಗುತ್ತವೆ. ಚಕ್ರ ಬುಡದ ಮೇಲೆ ಹಾದರೆ ಕಬ್ಬಿನ ಮೋಟುಗಳು ಜಜ್ಜಿ ಕೂಳೆ ಬೆಳೆಯಲ್ಲಿ ಜಾಗ ಖಾಲಿ ಬೀಳುತ್ತದೆ. ಆದ್ದರಿಂದ ಕಟಾವಿಗೆ ಸಾಕಷ್ಟು ಮೊದಲೇ ನೀರು ನಿಲ್ಲಿಸಿ ನೆಲ ಒಣಗಲು ಬಿಡಬೇಕು. ಟ್ರೈಲರ್ ಓಡಾಡಲು ಹೊಲದಲ್ಲಿ ಒಂದೇ ದಾರಿ ಗೊತ್ತುಮಾಡಬೇಕು. ಹೊಲದೊಳಗೆ ಅರ್ಧ ಭಾರ ತುಂಬಿ, ಉಳಿದುದನ್ನು ರಸ್ತೆಯ ಅಂಚಿನಲ್ಲಿ ತುಂಬುವುದು ಮಣ್ಣಿಗೂ ಒಳ್ಳೆಯದು, ದಿಬ್ಬ ಏರುವ ಟ್ರ್ಯಾಕ್ಟರಿಗೂ ಒಳ್ಳೆಯದು.

ರಾತ್ರಿಯ ರಸ್ತೆ

ಕಾರ್ಖಾನೆಯ ಸರದಿಗೆಂದು ಟ್ರೈಲರುಗಳು ರಾತ್ರಿಯೇ ಹೆಚ್ಚು ಓಡುತ್ತವೆ. ಗಂಟೆಗೆ 15-20 ಕಿ.ಮೀ. ವೇಗದಲ್ಲಿ ಹೋಗುವ ಕತ್ತಲ ರಾಶಿಯ ಹಿಂದೆ 60 ಕಿ.ಮೀ. ವೇಗದಲ್ಲಿ ಬರುವ ಮೋಟಾರು ಸೈಕಲ್ಲಿನವನಿಗೆ ಅದು ಕಾಣುವಷ್ಟರಲ್ಲಿ ಅಂತರವೇ ಉಳಿದಿರುವುದಿಲ್ಲ. ಟ್ರೈಲರಿನ ಹಿಂದೆ ಎರಡು ಬದಿಗೂ ಕೆಂಪು ದೀಪ, ಅಂಚಿನುದ್ದಕ್ಕೂ ಬೆಳಕಿಗೆ ಹೊಳೆಯುವ ಪಟ್ಟಿ ಇರಬೇಕು. ಹೊರಚಾಚಿದ ಕಬ್ಬು ಇವನ್ನು ಮುಚ್ಚದಂತೆ ಕಟ್ಟಬೇಕು. ಟ್ರ್ಯಾಕ್ಟರಿನ ಹಿಂದೆ ಉಳುಮೆಗೆಂದು ಇರುವ ಬಿಳಿ ದೀಪವನ್ನು ರಸ್ತೆಯಲ್ಲಿ ಹಚ್ಚಬಾರದು. ಹಿಂದೆ ಬರುವವರಿಗೆ ಅದು ಎದುರಿನಿಂದ ವಾಹನ ಬರುತ್ತಿರುವಂತೆ ತೋರಿ ಕಣ್ಣು ಕೋರೈಸುತ್ತದೆ. ಹಿಂದಿನವರ ಹಾರನ್ ಕೇಳಿಸದಷ್ಟು ಜೋರಾಗಿ ಹಾಡು ಹಾಕುವುದನ್ನೂ ಬಿಡಬೇಕು.

ಗಾಡಿ ಕೆಟ್ಟು ನಿಂತಾಗ ಚಕ್ರಕ್ಕೆ ಕೊಟ್ಟ ಒತ್ತುಗಲ್ಲನ್ನು ಹೊರಡುವಾಗ ರಸ್ತೆಯಲ್ಲೇ ಬಿಟ್ಟು ಹೋಗುವುದುಂಟು. ಆ ಕಲ್ಲು ಮುಂದೆ ಬರುವ ಯಾರದೋ ಮನೆಯವರನ್ನು ಕೆಡವುತ್ತದೆ. ಹಗ್ಗ ಕಟ್ಟಿದ ಎರಡು ಮರದ ತುಂಡುಗಳನ್ನು ಟ್ರೈಲರಿನಲ್ಲೇ ಇಟ್ಟುಕೊಂಡರೆ ಕಲ್ಲು ಹುಡುಕುವ ಅಗತ್ಯವಿಲ್ಲ. ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ, ಮೂಕಿಯ ಮೇಲೆ, ತುಂಬಿದ ಕಬ್ಬಿನ ಮೇಲೆ ಯಾರನ್ನೂ ಕೂರಿಸಬಾರದು. ಅಲ್ಲಿಂದ ಜಾರಿದವರು ಬೀಳುವುದು ನೇರವಾಗಿ ಚಕ್ರದ ಕೆಳಗೆ.

ಒಂದರ ಹಿಂದೆ ಇನ್ನೊಂದರಂತೆ ಎರಡು ಟ್ರೈಲರ್ ಕಟ್ಟಿದಾಗ ಮೇಲೆ ಹೇಳಿದ ಎಲ್ಲ ಅಪಾಯಗಳೂ ಹೆಚ್ಚುತ್ತವೆ. ತಿರುವಿನಲ್ಲಿ ಹಿಂದಿನ ಟ್ರೈಲರ್ ಮುಂದಿನದರ ಜಾಡಿನಲ್ಲಿ ಬರದೆ ಒಳಕ್ಕೆ ಒತ್ತಿಕೊಂಡು ಬರುತ್ತದೆ. ಬದಿಯಲ್ಲಿ ನಡೆಯುವವರು, ಸೈಕಲ್ಲಿನವರು ಇದಕ್ಕೆ ಸಿಕ್ಕುತ್ತಾರೆ.

ಕಾನೂನಿನ ಮಾತು

ಟ್ರೈಲರಿಗೂ ಟ್ರ್ಯಾಕ್ಟರಿನಂತೆಯೇ ನೋಂದಣಿ ಬೇಕು. ವಿಮೆಯ ಪತ್ರದಲ್ಲಿ ಟ್ರೈಲರಿನ ವಿವರ ಸೇರಿದೆಯೇ ಎಂದು ನೋಡಿಕೊಳ್ಳಬೇಕು. ಅಪಘಾತವಾದ ಮೇಲೆ ನೋಡಿ ಫಲವಿಲ್ಲ. ಕೆಲವರು ಹಳೆಯ ಲಾರಿಯೊಂದನ್ನು ಕೊಂಡು, ಮೈಯನ್ನು ಕಿತ್ತು, ಹಿಂದೆ ಕೊಕ್ಕೆ ಬೆಸೆದು ಟ್ರೈಲರ್ ಎಳೆಸಬಹುದಲ್ಲವೇ ಎಂದು ಯೋಚಿಸುವುದುಂಟು. ಸರಕು ಹೊರುವ ಲಾರಿಯೂ ಟ್ರೈಲರ್ ಎಳೆಯುವ ಲಾರಿಯೂ ಒಂದೇ ಅಲ್ಲ. ಅಚ್ಚುಗಳ ಅಂತರ, ಚಾಸಿಯ ಬಲ, ಹಿಂದಿನ ಟ್ರೈಲರಿಗೆ ಗಾಳಿ ಬ್ರೇಕು ಕೊಡುವ ಕೊಳವೆಗಳು ಎಲ್ಲವೂ ಬೇರೆ. ಅಲ್ಲದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಕಾಯ್ದೆಯೇ ಹೇಳಿರುವ ಕೆಲವು ಸಂದರ್ಭಗಳ ಹೊರತು, ನೋಂದಣಿಯಾದ ವಾಹನವನ್ನು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಸ್ಪಷ್ಟಪಡಿಸಿದೆ. ಯಾವುದೇ ಬದಲಾವಣೆಗೆ ಕೈ ಹಾಕುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಜಾಣತನ. ಟ್ರ್ಯಾಕ್ಟರ್ ಚಾಲನೆ ಮತ್ತು ರಿಪೇರಿಯಲ್ಲಿ ತರಬೇತಿ ಬೇಕಾದವರಿಗೆ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ.

ಕಟಾವಿಗೆ ಮುನ್ನ ನೋಡಬೇಕಾದವು

1. ಟ್ರೈಲರಿಗೆ ಓಡುವಾಗಿನ ಬ್ರೇಕು, ನಿಂತಾಗಿನ ಕೈಬ್ರೇಕು ಎರಡೂ ಕೆಲಸ ಮಾಡುತ್ತಿವೆಯೇ?
2. ಟ್ರ್ಯಾಕ್ಟರಿನ ಎರಡು ಬ್ರೇಕುಗಳೂ ಸಮನಾಗಿ ಹಿಡಿಯುತ್ತವೆಯೇ? ಅವನ್ನು ಸೇರಿಸುವ ಚಿಲಕ ಗಟ್ಟಿಯಾಗಿದೆಯೇ?
3. ಕೊಕ್ಕೆ ತಯಾರಕರು ಕೊಟ್ಟ ಎತ್ತರದಲ್ಲೇ ಇದೆಯೇ?
4. ಪಿನ್ನು ಎಷ್ಟು ಸವೆದಿದೆ? ಕ್ಲಿಪ್ಪು, ಜೊತೆಯ ಸರಪಳಿ ಇವೆಯೇ?
5. ಬೆಸುಗೆಗಳಲ್ಲಿ ಬಿರುಕುಗಳಿವೆಯೇ?
6. ಹಬ್ಬಿನ ಬೇರಿಂಗಿಗೆ ಗ್ರೀಸು ತುಂಬಿದೆಯೇ? ಚಕ್ರದ ನಟ್ಟುಗಳು ಬಿಗಿಯಾಗಿವೆಯೇ?
7. ಟ್ರ್ಯಾಕ್ಟರಿನ ಮುಂದೆ ತಕ್ಕಷ್ಟು ತೂಕದ ತಟ್ಟೆಗಳಿವೆಯೇ?
8. ಹಿಂದಿನ ಕೆಂಪು ದೀಪ, ಹೊಳೆಯುವ ಪಟ್ಟಿ ತುಂಬಿದ ಮೇಲೂ ಕಾಣುತ್ತವೆಯೇ?
9. ಒತ್ತು ಕೊಡುವ ಮರದ ತುಂಡುಗಳು ಟ್ರೈಲರಿನಲ್ಲಿವೆಯೇ?
10. ನೋಂದಣಿ, ವಿಮೆ, ಚಾಲಕನ ಲೈಸೆನ್ಸು ಚಾಲ್ತಿಯಲ್ಲಿವೆಯೇ?

ಕೊನೆಯದಾಗಿ ಒಂದು ಸರಳ ಪರೀಕ್ಷೆ. ಹೊಸ ಟ್ರೈಲರನ್ನು ವರ್ಕ್‌ಶಾಪಿನಿಂದ ತರುವ ದಿನ ಪೂರ್ತಿ ಹಣ ಕೊಡುವ ಮೊದಲು, ಅರ್ಧ ಭಾರ ತುಂಬಿ, ಜನರಿಲ್ಲದ ಮಟ್ಟಸ ಬಯಲಿನಲ್ಲಿ ನಿಧಾನವಾಗಿ ಓಡಿಸಿ ಬ್ರೇಕು ಹಾಕಿ ನೋಡಬೇಕು. ಬ್ರೇಕು ಒತ್ತಿದ ಜಾಗದಿಂದ ನಿಂತ ಜಾಗದವರೆಗೆ ಹೆಜ್ಜೆಯಿಂದ ಅಳೆಯಬೇಕು. ಅದೇ ವೇಗದಲ್ಲಿ ಬರಿಯ ಟ್ರ್ಯಾಕ್ಟರು ಎಷ್ಟು ಹೆಜ್ಜೆಯಲ್ಲಿ ನಿಲ್ಲುತ್ತದೆಂದು ಅಳೆದು ಹೋಲಿಸಬೇಕು. ಎರಡೂ ಹತ್ತಿರ ಹತ್ತಿರವಿದ್ದರೆ ಕೆಲಸ ಚೆನ್ನಾಗಿದೆ. ಬಹಳ ವ್ಯತ್ಯಾಸವಿದ್ದರೆ ಟ್ರೈಲರನ್ನು ಅಲ್ಲಿಯೇ ಬಿಟ್ಟು, ಬ್ರೇಕು ಸರಿಮಾಡಿದ ಮೇಲೆಯೇ ಮನೆಗೆ ತರಬೇಕು. ಒಂದು ವಾರ ತಡವಾಗಿ ಕಾರ್ಖಾನೆ ಸೇರಿದ ಕಬ್ಬಿನಿಂದ ತೂಕದಲ್ಲಿ ಸ್ವಲ್ಪ ನಷ್ಟವಾಗಬಹುದು. ಆ ನಷ್ಟವನ್ನು ಮುಂದಿನ ಬೆಳೆಯಲ್ಲಿ ತುಂಬಿಕೊಳ್ಳಬಹುದು.